ದಪ್ಪಗೆ ಬೆಳೆದ ಟ್ರೈಕೋಡರ್ಮಾ ರೋಗಾಣುವನ್ನು ಏಕೆ ತಡೆಯುವುದಿಲ್ಲ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಾವು ಕೆಲವು ಅಡಿಕೆ, ಕಾಳುಮೆಣಸು ಬೆಳೆಗಾರರು ಸೇರಿ ಸಣ್ಣ ಕೋಣೆಯೊಂದರಲ್ಲಿ, ಬೆಳೆಯ ರೋಗಕಾರಕ ಶಿಲೀಂಧ್ರಗಳನ್ನು ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಬೆಳೆಸುತ್ತಿದ್ದೇವೆ. ಬೆಲ್ಲದ ದ್ರಾವಣದಲ್ಲಿ ಬಿಳಿ ಪದರ ದಪ್ಪಗೆ ಕಟ್ಟುತ್ತದೆ. ಹಸಿರಾಗುವುದು ಮಾತ್ರ ತಡ, ಕೆಲವು ಫ್ಲಾಸ್ಕ್ ಹಸಿರಾಗುವುದೇ ಇಲ್ಲ. ದ್ರಾವಣ ಸೋಸಿ, ಮೆಣಸಿನ ನರ್ಸರಿಯ ಸಸಿಗಳಿಂದ ತೆಗೆದ ಸ್ಕ್ಲೆರೋಷಿಯಂ ಎಂಬ ರೋಗಕಾರಕ ಶಿಲೀಂಧ್ರದ ಮೇಲೆ ನೋಡಿದರೆ ಒಮ್ಮೆ ತಡೆಯುತ್ತದೆ, ಇನ್ನೊಮ್ಮೆ ಇಲ್ಲ. ಎಂ.ಎಸ್ಸಿ. ಓದುತ್ತಿರುವ ಮಗಳು ಇದೆಲ್ಲ ಜಿ ಪ್ರೋಟೀನಿನ ಕೆಲಸ ಅನ್ನುತ್ತಾಳೆ. ಬೆಳವಣಿಗೆ ಚೆನ್ನಾಗಿದ್ದರೆ ಪ್ರತಿಜೀವಕವೂ ಹೆಚ್ಚು ಬರಬೇಕಲ್ಲವೇ?

ಉತ್ತರ: ಬರಲೇಬೇಕು ಎಂದೇನೂ ಇಲ್ಲ. ಎಳೆ ಬೆಳೆಸುವುದು, ಬೀಜಕಣ ಕಟ್ಟುವುದು (ಪದರ ಹಸಿರಾಗುವುದು ಇದರಿಂದಲೇ), ಪ್ರತಿಜೀವಕ ತಯಾರಿಸುವುದು ಶಿಲೀಂಧ್ರದ ಮಟ್ಟಿಗೆ ಮೂರು ಬೇರೆ ಬೇರೆ ಕೆಲಸ. ಮೂರಕ್ಕೂ ಅಪ್ಪಣೆ ಹೋಗುವುದು ಮಾತ್ರ ಕೋಶದೊಳಗಿನ ಅದೇ ಕೆಲವು ಸಂಕೇತ ಪ್ರೋಟೀನುಗಳ ಮೂಲಕ. ಹಾಗಾಗಿ ಒಂದು ಹೆಚ್ಚಿದಾಗ ಇನ್ನೊಂದು ಕುಗ್ಗಬಹುದು, ಜೊತೆಯಲ್ಲೇ ಏರಲೂಬಹುದು. ಯಾವ ಶಿಲೀಂಧ್ರ, ಯಾವ ಪ್ರತಿಜೀವಕ ಎಂದು ಕೇಳದೆ ಉತ್ತರ ಹೇಳಲಾಗದು. ಪದರದ ದಪ್ಪ ನೋಡಿ ತಳಿಯ ಶಕ್ತಿ ಅಳೆಯುವುದು ತಪ್ಪು. ಹಸಿರು ನೋಡಿ ಅಳೆಯುವುದೂ ತಪ್ಪು. ಈ ಎರಡನೆಯದನ್ನು ಹೆಚ್ಚಿನವರು ಒಪ್ಪುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮಗಳ ಜಿ ಪ್ರೋಟೀನ್. ಕೋಶದ ಪೊರೆಯಲ್ಲಿ ಗ್ರಾಹಿ ಪ್ರೋಟೀನುಗಳಿರುತ್ತವೆ. ಹೊರಗಿನ ಸಕ್ಕರೆಯೋ ಬೇರೆ ಯಾವುದೋ ರಾಸಾಯನಿಕವೋ ತಾಗಿದಾಗ ಅವು ಪೊರೆಯ ಒಳಬದಿಗೆ ಅಂಟಿಕೊಂಡಿರುವ ಜಿ ಪ್ರೋಟೀನನ್ನು ಎಚ್ಚರಿಸುತ್ತವೆ. ಇದರಲ್ಲಿ ಮೂರು ತುಂಡು: ಆಲ್ಫಾ, ಬೀಟಾ, ಗಾಮಾ. ಸುಮ್ಮನಿರುವಾಗ ಆಲ್ಫಾ ಜಿಡಿಪಿ ಎಂಬ ಅಣುವನ್ನು ಹಿಡಿದು ಬೀಟಾ-ಗಾಮಾ ಜೋಡಿಗೆ ಕೂಡಿಕೊಂಡಿರುತ್ತದೆ. ಸಂಕೇತ ಬಂದಾಗ ಜಿಡಿಪಿ ಬಿಟ್ಟು ಜಿಟಿಪಿ ಹಿಡಿದು ಜೋಡಿಯಿಂದ ಬೇರೆಯಾಗುತ್ತದೆ. ಆಮೇಲೆ ಎರಡೂ ಭಾಗಗಳು ತಮ್ಮ ತಮ್ಮ ದಾರಿಯಲ್ಲಿ ಸುದ್ದಿ ಮುಟ್ಟಿಸುತ್ತವೆ. ಆಲ್ಫಾ ತಾನೇ ಜಿಟಿಪಿಯನ್ನು ನಿಧಾನವಾಗಿ ಒಡೆದು ಮೊದಲಿನ ಸ್ಥಿತಿಗೆ ಮರಳುತ್ತದೆ. ಆ ಒಡೆತವನ್ನು ಬೇಗ ಮಾಡಿಸುವುದಕ್ಕೆಂದೇ ಆರ್‌ಜಿಎಸ್ ಎಂಬ ಪ್ರೋಟೀನುಗಳಿವೆ. ಪ್ರಾಣಿಕೋಶಗಳಲ್ಲಿ ಈ ವ್ಯವಸ್ಥೆಯನ್ನು ಬಿಡಿಸಿದ ಆಲ್ಫ್ರೆಡ್ ಗಿಲ್ಮನ್, ಮಾರ್ಟಿನ್ ರಾಡ್‌ಬೆಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು. ಶಿಲೀಂಧ್ರಗಳಲ್ಲಿ ಇರುವುದೂ ಅದೇ ಯಂತ್ರ.

ಸುದ್ದಿ ಮುಂದೆ ಹೋಗುವ ದಾರಿಗಳಲ್ಲಿ ಎರಡು ನಿಮಗೆ ಮುಖ್ಯ. ಒಂದರಲ್ಲಿ ಅಡಿನೈಲೇಟ್ ಸೈಕ್ಲೇಸ್ ಎಂಬ ಕಿಣ್ವ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಮಾಡುತ್ತದೆ, ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಬಿಡುಗಡೆ ಮಾಡುತ್ತದೆ. ಇನ್ನೊಂದು ಮ್ಯಾಪ್ ಕೈನೇಸ್ ಸರಣಿ: ಒಂದು ಕೈನೇಸ್ ಮುಂದಿನದಕ್ಕೆ ಫಾಸ್ಫೇಟ್ ಅಂಟಿಸುತ್ತಾ ಕೊನೆಗೆ ಕೋಶಕೇಂದ್ರದಲ್ಲಿ ಜೀನ್‌ಗಳನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ.

ಇದನ್ನು ಬಹಳ ವಿವರವಾಗಿ ಬಿಡಿಸಿರುವುದು ಆಸ್ಪರ್ಜಿಲಸ್ ನಿಡುಲಾನ್ಸ್ ಶಿಲೀಂಧ್ರದಲ್ಲಿ. ಅದರ ಆಲ್ಫಾ ತುಂಡಿನ ಹೆಸರು ಫ್ಯಾಡ್‌ಎ. ಅದರ 42ನೇ ಜಾಗದ ಗ್ಲೈಸಿನ್ ಹೋಗಿ ಅರ್ಜಿನೈನ್ ಬಂದರೆ ಜಿಟಿಪಿ ಒಡೆಯದೆ ಸಂಕೇತ ಸದಾ ಚಾಲೂ ಇರುತ್ತದೆ. ಆಗ ಹತ್ತಿಯಂಥ ಬಿಳಿ ಎಳೆ ಬೆಳೆಯುತ್ತಲೇ ಹೋಗುತ್ತದೆ, ಬೀಜಕಣವಿಲ್ಲ, ಸ್ಟೆರಿಗ್ಮಟೋಸಿಸ್ಟಿನ್ ಎಂಬ ವಿಷವೂ ಇಲ್ಲ. ಫ್ಯಾಡ್‌ಎಯನ್ನು ಆರಿಸುವ ಆರ್‌ಜಿಎಸ್ ಪ್ರೋಟೀನ್ ಎಫ್‌ಎಲ್‌ಬಿಎ. ಅದು ಕೆಟ್ಟರೂ ಹೀಗೇ ಹತ್ತಿಯಂತೆ ಬೆಳೆದು, ಕೆಲವು ದಿನದಲ್ಲಿ ನಡುಭಾಗ ತಾನೇ ಕರಗುತ್ತದೆ. ಬೀಜಕಣಕ್ಕೂ ಈ ವಿಷಕ್ಕೂ ಫ್ಯಾಡ್‌ಎ ಆರಲೇಬೇಕು ಎಂದು 1997ರಲ್ಲಿ ಖಚಿತವಾಯಿತು. ಪ್ರೋಟೀನ್ ಕೈನೇಸ್ ಎ ಇಲ್ಲಿ ಎರಡು ಕಡೆ ಕೈ ಹಾಕುತ್ತದೆ: ಬೀಜಕಣದ ಮುಖ್ಯ ಜೀನ್ ಬಿಆರ್‌ಎಲ್‌ಎಯನ್ನೂ ವಿಷದ ಜೀನ್‌ಗಳನ್ನು ನಡೆಸುವ ಎಎಫ್‌ಎಲ್‌ಆರ್ ಪ್ರೋಟೀನನ್ನೂ ಹಿಡಿದಿಡುತ್ತದೆ.

ಇಷ್ಟರ ಮೇಲೆ ಪಠ್ಯಪುಸ್ತಕಗಳು ‘ಬೆಳವಣಿಗೆ ನಿಂತ ಮೇಲೆ ಪ್ರತಿಜೀವಕ’ ಎಂದು ಬರೆದು ಮುಗಿಸುತ್ತವೆ. ಆದರೆ 2000ದಲ್ಲಿ ಪ್ರಕಟವಾದ ಕೆಲಸ ಈ ಅಚ್ಚುಕಟ್ಟನ್ನು ಕೆಡಿಸಿತು. ಅದೇ ಸದಾ ಚಾಲೂ ಇರುವ ಫ್ಯಾಡ್‌ಎ, ಅದೇ ಶಿಲೀಂಧ್ರದಲ್ಲಿ, ಪೆನಿಸಿಲಿನ್ ಉತ್ಪಾದನೆಯನ್ನು ಹೆಚ್ಚಿಸಿತು! ಒಂದೇ ತೂಬು ಎತ್ತಿದರೆ ಒಂದು ಗದ್ದೆಗೆ ನೀರು, ಪಕ್ಕದ್ದು ಒಣಗಿತು. ಪೆನಿಸಿಲಿನ್ ಕಾರ್ಖಾನೆಗಳ ಶಿಲೀಂಧ್ರವಾದ ಪೆನಿಸಿಲಿಯಂ ಕ್ರೈಸೋಜಿನಂನಲ್ಲಿ ಇದಕ್ಕೆ ಸಮನಾದ ಆಲ್ಫಾ ತುಂಡು ಪಿಜಿಎ1. ಅದನ್ನು ಸದಾ ಚಾಲೂ ಮಾಡಿದಾಗ ಪೆನಿಸಿಲಿನ್, ಹಳದಿ ಬಣ್ಣದ ಕ್ರೈಸೋಜೆನಿನ್, ರೋಕ್ವೆಫೋರ್ಟಿನ್ ಮೂರೂ ಏರಿದವು. ಜೀನ್ ತೆಗೆದುಹಾಕಿದಾಗ ಪೆನಿಸಿಲಿನ್, ರೋಕ್ವೆಫೋರ್ಟಿನ್ ಇಳಿದವು. ಬೀಜಕಣ ಮಾತ್ರ ಉಲ್ಟಾ: ಪಿಜಿಎ1 ಚಾಲೂ ಇದ್ದರೆ ಕಡಿಮೆ. ಅಂದರೆ ಬೋಳು ಬಿಳಿಯಾಗಿ ಕಾಣುವ ತಟ್ಟೆಯೇ ಹೆಚ್ಚು ಪೆನಿಸಿಲಿನ್ ಕೊಡುವ ತಟ್ಟೆ ಆಗಿರಬಹುದು.

ಈಗ ನಿಮ್ಮ ಟ್ರೈಕೋಡರ್ಮಾ. ಟ್ರೈಕೋಡರ್ಮಾ ಅಟ್ರೋವಿರಿಡೆಯ ಆಲ್ಫಾ ತುಂಡು ಟಿಜಿಎ1. ಆ ಜೀನ್ ಇಲ್ಲದ ತಳಿ ವಿಪರೀತ ಬೀಜಕಣ ಕಟ್ಟುತ್ತದೆ, ತಟ್ಟೆ ಬೇಗ ಹಸಿರಾಗುತ್ತದೆ. ಆದರೆ ಬೇರೆ ಶಿಲೀಂಧ್ರದ ಗೋಡೆ ಕರಗಿಸುವ ಕೈಟಿನೇಸ್ ಕಡಿಮೆ, ತೆಂಗಿನಕಾಯಿ ವಾಸನೆಯ ಪ್ರತಿಜೀವಕ 6-ಪೆಂಟೈಲ್ ಪೈರೋನ್ ಕಡಿಮೆ. ಅದೇ ಹೊತ್ತಿಗೆ ಬೇರೆ ಕೆಲವು ಸಣ್ಣ ಅಣುಗಳ ಶಿಲೀಂಧ್ರನಾಶಕಗಳು ಅದರಲ್ಲಿ ಹೆಚ್ಚುತ್ತವೆ. ಟ್ರೈಕೋಡರ್ಮಾ ವಿರೆನ್ಸ್‌ನ ಸಂಗತಿ ನಿಮಗೆ ಇನ್ನೂ ಹತ್ತಿರದ್ದು. 2003ರಲ್ಲಿ ಪ್ರಸೂನ್ ಮುಖರ್ಜಿ ಮತ್ತು ಸಂಗಡಿಗರು ಅದರ ಟಿಎಂಕೆಎ ಎಂಬ ಮ್ಯಾಪ್ ಕೈನೇಸನ್ನು ತೆಗೆದು ನೋಡಿದರು. ಮೂಲ ತಳಿ ಕತ್ತಲಲ್ಲಿ ಬೀಜಕಣ ಕಟ್ಟುವುದಿಲ್ಲ. ಕೈನೇಸ್ ಇಲ್ಲದ್ದು ಕತ್ತಲಲ್ಲೂ ಹಸಿರಾಯಿತು. ಆದರೆ ಸ್ಕ್ಲೆರೋಷಿಯಂ ರಾಲ್ಫ್ಸಿಯ ಸಾಸಿವೆ ಗಾತ್ರದ ಗುಂಡುಗಳನ್ನು ಹೊಕ್ಕು ಕೊಲ್ಲುವ ಶಕ್ತಿ ಕುಂದಿತ್ತು. ಅದೇ ಗುಂಪು 2004ರಲ್ಲಿ ಟಿಜಿಎಎ ಎಂಬ ಜಿ ಪ್ರೋಟೀನನ್ನು ತೆಗೆದಾಗ ತಳಿ ಚೆನ್ನಾಗಿಯೇ ಬೆಳೆಯಿತು, ಬೀಜಕಣವೂ ಸರಿಯಿತ್ತು, ರೈಜೋಕ್ಟೋನಿಯಾ ಸೊಲಾನಿ ಎಂಬ ಇನ್ನೊಂದು ರೋಗಕಾರಕ ಶಿಲೀಂಧ್ರವನ್ನು ಮೊದಲಿನಂತೆಯೇ ಕೊಂದಿತು. ಸ್ಕ್ಲೆರೋಷಿಯಂ ಎದುರು ಮಾತ್ರ ಸೋತಿತು.

ಇದರಿಂದ ನಿಮಗೆ ಬರುವ ಮೊದಲ ಬುದ್ಧಿವಾದ: ಅತಿ ಬೇಗ, ಕತ್ತಲಲ್ಲೂ ದಟ್ಟ ಹಸಿರಾಗುವ ತಟ್ಟೆಯನ್ನೇ ಆರಿಸಿ ಮುಂದಿನ ಸಲದ ಬಿತ್ತನೆಗೆ ಇಡಬೇಡಿ. ಮಾರಾಟಕ್ಕೆ ಅದು ಚೆಂದ. ಮೆಣಸಿನ ನರ್ಸರಿಯ ಸ್ಕ್ಲೆರೋಷಿಯಂ ವಿರುದ್ಧ ಅದೇ ತಳಿ ಬಲಹೀನವಾಗಿರುವ ಸಾಧ್ಯತೆ ನಿಜಕ್ಕೂ ಇದೆ. ಹಾಗೆಯೇ ರೈಜೋಕ್ಟೋನಿಯಾ ಮೇಲೆ ಪರೀಕ್ಷೆಯಲ್ಲಿ ಪಾಸಾದ ತಳಿ ಸ್ಕ್ಲೆರೋಷಿಯಂ ಮೇಲೂ ಪಾಸಾಗುತ್ತದೆಂದು ತಿಳಿಯಬೇಡಿ.

ನಿಮ್ಮ ಫ್ಲಾಸ್ಕ್ ಹಸಿರಾಗದಿರುವುದಕ್ಕೆ ಮೊದಲ ಅನುಮಾನ ಬೆಳಕಿನ ಮೇಲೆ, ಎರಡನೆಯದು ಗಾಳಿಯ ಮೇಲೆ. ಟ್ರೈಕೋಡರ್ಮಾದಲ್ಲಿ ಬಿಎಲ್‌ಆರ್-1, ಬಿಎಲ್‌ಆರ್-2 ಎಂಬ ಎರಡು ಪ್ರೋಟೀನ್ ಜೊತೆಗೂಡಿ ನೀಲಿ ಬೆಳಕನ್ನು ಗುರುತಿಸುತ್ತವೆ. ಇನ್ನೊಂದು ಕಡೆ ವೆಲ್ವೆಟ್ ಬಳಗದ ಪ್ರೋಟೀನುಗಳು ಎಲ್‌ಎಇಎ ಎಂಬುದರ ಜೊತೆ ಕೋಶಕೇಂದ್ರದಲ್ಲಿ ಕೂಡಿಕೊಂಡು ಬೆಳಕಿನ ಸುದ್ದಿಯನ್ನೂ ಪ್ರತಿಜೀವಕದ ಜೀನ್‌ಗಳನ್ನೂ ಒಂದಕ್ಕೊಂದು ಬೆಸೆಯುತ್ತವೆ. ಆಸ್ಪರ್ಜಿಲಸ್‌ನಲ್ಲಿ ಈ ಕೂಟ 2008ರಲ್ಲಿ ಗೊತ್ತಾಯಿತು. ಟ್ರೈಕೋಡರ್ಮಾ ವಿರೆನ್ಸ್‌ನಲ್ಲಿ ವೆಲ್ವೆಟ್ ಜೀನ್ ತೆಗೆದರೆ ಬೀಜಕಣವೂ ಗ್ಲಿಯೋಟಾಕ್ಸಿನ್ ಎಂಬ ಪ್ರತಿಜೀವಕವೂ ಒಟ್ಟಿಗೇ ಬೀಳುತ್ತವೆ. ಮಲೆನಾಡಿನ ಆಷಾಢದಲ್ಲಿ ಬಾಗಿಲು ಹಾಕಿದ ಕೋಣೆಯೆಂದರೆ ಹಗಲೂ ಮುಸ್ಸಂಜೆಯೇ. ಅದರ ಮೇಲೆ ಕರೆಂಟು ಹೋದರೆ ಹೇಳುವುದೇ ಬೇಡ. ಹಂಚಿನ ಸಂದಿಯ ಬೆಳಕನ್ನು ನಂಬಬೇಡಿ. ಬಿಳಿ ಎಲ್‌ಇಡಿ ದೀಪ ದಿನಕ್ಕೆ 12 ಗಂಟೆ ಉರಿಯಲಿ.

ಬೆಳಕಿನ ದಾರಿ ಸರಿಯಿದೆಯೇ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯಿದೆ. ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗಾರ್ ತಟ್ಟೆಯ ನಡುವೆ ಟ್ರೈಕೋಡರ್ಮಾ ಎಳೆಯ 5 ಮಿ.ಮೀ. ಬಿಲ್ಲೆ ಇಟ್ಟು ಅಲ್ಯೂಮಿನಿಯಂ ಫಾಯಿಲ್ ಸುತ್ತಿ 36ರಿಂದ 48 ಗಂಟೆ 25ರಿಂದ 28 ಡಿಗ್ರಿಯಲ್ಲಿಡಿ. ಆಮೇಲೆ ಫಾಯಿಲ್ ಬಿಚ್ಚಿ ಬಿಳಿ ಅಥವಾ ನೀಲಿ ಎಲ್‌ಇಡಿ ಕೆಳಗೆ 5 ನಿಮಿಷ ಇಟ್ಟು ಮತ್ತೆ ಸುತ್ತಿಡಿ. ಒಂದೆರಡು ದಿನದಲ್ಲಿ, ಬೆಳಕು ಬಿದ್ದ ಹೊತ್ತಿಗೆ ಎಳೆಯ ಅಂಚು ಎಲ್ಲಿತ್ತೋ ಅಲ್ಲಿ ಹಸಿರು ಉಂಗುರ ಮೂಡಬೇಕು. ಬೆಳಕೇ ಕಾಣದ ಇನ್ನೊಂದು ತಟ್ಟೆಯನ್ನು ಜೊತೆಗಿಡಿ. ಅದೂ ಹಸಿರಾದರೆ ನಿಮ್ಮ ತಳಿ ಕತ್ತಲಲ್ಲೂ ಬೀಜಕಣ ಕಟ್ಟುವಂಥದ್ದು. ಬೆಳಕು ಕಂಡದ್ದೂ ಬೋಳಾಗಿ ಉಳಿದರೆ ತಳಿಯಲ್ಲೇ ದೋಷ. ನಡುವೆ ಇಣುಕಿ ನೋಡುವ ಆಸೆಯಾದರೆ ಸಣ್ಣ ಕೆಂಪು ಬಲ್ಬಿನಡಿ ನೋಡಿ. ಟ್ಯೂಬ್‌ಲೈಟ್ ಹಾಕಿ ತೆರೆದ ಒಂದು ಕ್ಷಣವೂ ಈ ಪರೀಕ್ಷೆಯನ್ನು ಕೆಡಿಸುತ್ತದೆ. ತಟ್ಟೆಯನ್ನು ಗೀರಬೇಡಿ, ಗಾಯವಾದ ಎಳೆಯೂ ಬೀಜಕಣ ಕಟ್ಟುತ್ತದೆ.

ಗಾಳಿಯ ಮಾತು ಸಣ್ಣದು. ಹಸಿರು ಬೀಜಕಣ ಕಟ್ಟುವುದು ಗಾಳಿಗೆ ತೆರೆದ ಎಳೆಯಲ್ಲಿ. ಶೇಕರ್ ಮೇಲೆ ಕುಲುಕುವ ದ್ರಾವಣದೊಳಗೆ ಎಳೆಯೂ ದಪ್ಪ ಗೋಡೆಯ ಕ್ಲಾಮಿಡೋ ಬೀಜಕಣಗಳೂ ಬರುತ್ತವೆ, ಅವು ಹಸಿರಲ್ಲ. 250 ಮಿ.ಲೀ. ಫ್ಲಾಸ್ಕಿಗೆ 75ರಿಂದ 100 ಮಿ.ಲೀ. ಮೀರಿ ತುಂಬಬೇಡಿ, ಹತ್ತಿ ಬಿರಡೆ ಒದ್ದೆಯಾಗಲು ಬಿಡಬೇಡಿ.

ಬೆಲ್ಲದ ವಿಚಾರಕ್ಕೆ ಬರೋಣ. ಪ್ರತಿಜೀವಕದ ಏರಿಳಿತಕ್ಕೆ ನನ್ನ ದೊಡ್ಡ ಅನುಮಾನ ಇಲ್ಲಿದೆ. ಸುಲಭದ ಸಕ್ಕರೆ ಧಾರಾಳವಾಗಿದ್ದಾಗ ಟ್ರೈಕೋಡರ್ಮಾದ ಸಿಆರ್‌ಇ1 ಎಂಬ ನಿಯಂತ್ರಕ ಪ್ರೋಟೀನ್ ಬೇರೆ ಆಹಾರ ಒಡೆಯುವ ಕಿಣ್ವಗಳ ಜೀನ್‌ಗಳನ್ನು ಮುಚ್ಚುತ್ತದೆ. ಪೆನಿಸಿಲಿನ್ ವಿಷಯದಲ್ಲೂ ಗ್ಲೂಕೋಸ್ ಅಡ್ಡಿ. ಹಿಂದೆ ಶಿಲೀಂಧ್ರ ನಿಧಾನವಾಗಿ ತಿನ್ನುವ ಲ್ಯಾಕ್ಟೋಸ್ ಬಳಸುತ್ತಿದ್ದುದು, ಆಮೇಲೆ ಗ್ಲೂಕೋಸನ್ನು ಹನಿಹನಿಯಾಗಿ ಬಿಡುವ ಕ್ರಮ ಬಂದುದು ಇದೇ ಕಾರಣಕ್ಕೆ. ಲೀಟರಿಗೆ 100 ಗ್ರಾಂ ಬೆಲ್ಲ ಕರಗಿಸಿದರೆ ಪದರ ಕಂಬಳಿಯಂತೆ ಕಟ್ಟುತ್ತದೆ, ನೀವು ಕಂಡದ್ದು ಅದೇ ಇರಬೇಕು. ಲೀಟರಿಗೆ ಬೆಲ್ಲ 30 ಗ್ರಾಂ, ಯೀಸ್ಟ್ ಸಾರ 5 ಗ್ರಾಂ ಸಾಕು. ಬೆಲ್ಲ ಕಪ್ಪಾಗಿರಲಿ, ಹೈಡ್ರೋಸ್ ಹಾಕಿ ಬಣ್ಣ ತಿಳಿಮಾಡಿದ ಬೆಲ್ಲದಲ್ಲಿ ಉಳಿಯುವ ಸಲ್ಫೈಟ್ ಶಿಲೀಂಧ್ರಕ್ಕೆ ತೊಂದರೆ ಕೊಡುತ್ತದೆ, ಒಂದೊಂದು ಅಚ್ಚಿನಲ್ಲಿ ಒಂದೊಂದು ಪ್ರಮಾಣವಿರುವುದರಿಂದ ಫಲಿತಾಂಶವೂ ಒಂದೊಂದು ಸಲ ಒಂದೊಂದಾಗುತ್ತದೆ. ಕುದಿಸಿ ಬಟ್ಟೆಯಲ್ಲಿ ಸೋಸಿ, ಪಿಎಚ್ 5.5ಕ್ಕೆ ತಂದು, 15 ಪೌಂಡ್ ಒತ್ತಡದಲ್ಲಿ (121 ಡಿಗ್ರಿ) 20 ನಿಮಿಷ ಬೇಯಿಸಿ. ಹೆಚ್ಚು ಹೊತ್ತು ಬೇಯಿಸಿದರೆ ಸಕ್ಕರೆ ಸೀದು ಕಂದಾಗುತ್ತದೆ, ಪಿಎಚ್ ಇಳಿಯುತ್ತದೆ. ಸಾರಜನಕಕ್ಕೆಂದು ಅಮೋನಿಯಂ ಸಲ್ಫೇಟ್ ಹಾಕುವ ಅಭ್ಯಾಸವಿದ್ದರೆ ಬಿಡಿ. ಶಿಲೀಂಧ್ರ ಅಮೋನಿಯಂ ತಿಂದಷ್ಟೂ ದ್ರಾವಣ ಹುಳಿಯಾಗುತ್ತದೆ, ಪಿಎಚ್ ಬದಲಾದರೆ ಪ್ಯಾಕ್‌ಸಿ ಎಂಬ ಇನ್ನೊಂದು ನಿಯಂತ್ರಕದ ಮೂಲಕ ಪ್ರತಿಜೀವಕದ ಲೆಕ್ಕವೇ ಬದಲಾಗುತ್ತದೆ.

‘ಒಮ್ಮೆ ತಡೆಯುತ್ತದೆ, ಇನ್ನೊಮ್ಮೆ ಇಲ್ಲ’ ಎಂದಿರಲ್ಲ, ಎಷ್ಟನೇ ದಿನ ಸೋಸಿದಿರಿ ಎಂದು ಬರೆದಿಟ್ಟಿದ್ದೀರಾ? ಗ್ಲಿಯೋಟಾಕ್ಸಿನ್ ಬರುವುದು ಬೆಳವಣಿಗೆಯ ಮೊದಲ ಕೆಲವು ದಿನಗಳಲ್ಲೇ, ಮುದಿ ದ್ರಾವಣದಲ್ಲಿ ಕಡಿಮೆಯಾಗುತ್ತದೆ. ಕ್ಷಾರ ದ್ರಾವಣದಲ್ಲಂತೂ ಅದು ಉಳಿಯುವುದಿಲ್ಲ. ಹತ್ತನೇ ದಿನ, ಪದರ ಪೂರ್ತಿ ಹಸಿರಾದ ಮೇಲೆ ಸೋಸಿದರೆ ಅದನ್ನು ಕಳೆದುಕೊಂಡಿರುತ್ತೀರಿ. ಆದ್ದರಿಂದ 2, 3, 5, 7ನೇ ದಿನಗಳಿಗೆ ಒಂದೊಂದು ಫ್ಲಾಸ್ಕ್ ಪ್ರತ್ಯೇಕ ಇಟ್ಟು ಸೋಸಿ: ಮೊದಲು ವಾಟ್‌ಮನ್ 1ನೇ ನಂಬರ್ ಕಾಗದ, ಆಮೇಲೆ 0.22 ಮೈಕ್ರಾನ್ ಸಿರಿಂಜ್ ಫಿಲ್ಟರ್. ಕುದಿಸಿ ಶುದ್ಧಿ ಮಾಡಬೇಡಿ, ಹಾರಿಹೋಗುವ ಪ್ರತಿಜೀವಕ ಹೋಗಿಬಿಡುತ್ತದೆ. 45ರಿಂದ 50 ಡಿಗ್ರಿಗೆ ತಣಿದ ಅಗಾರ್ ಮೂರು ಪಾಲಿಗೆ ಸೋಸಿದ ದ್ರಾವಣ ಒಂದು ಪಾಲು ಬೆರೆಸಿ ತಟ್ಟೆಗೆ ಹೊಯ್ಯಿರಿ. ಅಗಾರ್ ಮಾಧ್ಯಮವನ್ನು ಮಾಮೂಲಿಗಿಂತ ಮೂರನೇ ಒಂದರಷ್ಟು ಹೆಚ್ಚು ಗಟ್ಟಿ ಮಾಡಿಕೊಂಡಿರಬೇಕು, ಇಲ್ಲದಿದ್ದರೆ ಬೆರೆಸಿದ ಮೇಲೆ ಪೋಷಕಾಂಶ ತೆಳುವಾಗಿ ಸ್ಕ್ಲೆರೋಷಿಯಂ ಅದರಿಂದಲೇ ಸೊರಗಿ ನಿಮಗೆ ಸುಳ್ಳು ಗೆಲುವು ಕಾಣುತ್ತದೆ.

ಹೋಲಿಕೆಯ ತಟ್ಟೆ ಒಂದಲ್ಲ, ಮೂರು ಬೇಕು: ಬರೀ ಅಗಾರ್, ಶಿಲೀಂಧ್ರ ಬೆಳೆಸದ ಬೆಲ್ಲದ ದ್ರಾವಣ ಬೆರೆತದ್ದು, ಅದೇ ದ್ರಾವಣವನ್ನು ಸೋಸಿದ್ದರ ಪಿಎಚ್‌ಗೆ ಇಳಿಸಿ ಬೆರೆಸಿದ್ದು. ಮೂರನೆಯದನ್ನು ಬಿಡುವವರೇ ಜಾಸ್ತಿ. ಹುಳಿಯೇ ತಡೆದದ್ದನ್ನು ಪ್ರತಿಜೀವಕ ಎಂದು ತಿಳಿಯುವುದು ಅಲ್ಲೇ. ಸ್ಕ್ಲೆರೋಷಿಯಂ ಬೇಗ ಹಬ್ಬುತ್ತದೆ, ಹೋಲಿಕೆ ತಟ್ಟೆ ಅಂಚು ಮುಟ್ಟುವ ಮೊದಲೇ ಅಳೆಯಿರಿ. ಹೋಲಿಕೆಯ ವ್ಯಾಸದಲ್ಲಿ ಪರೀಕ್ಷೆಯ ವ್ಯಾಸ ಕಳೆದು, ಹೋಲಿಕೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ತಡೆ ಸಿಗುತ್ತದೆ. ತಟ್ಟೆ ತೆರೆದಾಗ ತೆಂಗಿನಕಾಯಿ ವಾಸನೆ ಜೋರಾಗಿದ್ದೂ ಸೋಸಿದ ದ್ರಾವಣ ಏನೂ ಮಾಡದಿದ್ದರೆ ಎರಡು ತಟ್ಟೆಯ ತಳಗಳನ್ನು ಮುಖಾಮುಖಿ ಇಟ್ಟು ಪ್ಯಾರಾಫಿಲ್ಮ್ ಸುತ್ತಿ ನೋಡಿ: ಕೆಳಗೆ ಟ್ರೈಕೋಡರ್ಮಾ, ಮೇಲೆ ಸ್ಕ್ಲೆರೋಷಿಯಂ. ಆವಿಯ ಪರಿಣಾಮ ಅಲ್ಲಿ ಕಾಣುತ್ತದೆ.

ತಳಿಯೇ ಕೆಟ್ಟಿದೆ ಎಂದು ಉಂಗುರದ ಪರೀಕ್ಷೆ ಹೇಳಿದರೆ ಕಾರಣ ಬಹುಶಃ ಪದೇ ಪದೇ ಸಬ್‌ಕಲ್ಚರ್. ಎಳೆಯ ಬಿಲ್ಲೆ ಕತ್ತರಿಸಿ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಾ ಹೋದಾಗ ಬೀಜಕಣ ಕಟ್ಟುವ ಶ್ರಮ ಬಿಟ್ಟು ಬರೀ ಬೆಳೆಯುವ ರೂಪಾಂತರಿಗಳೇ ಅಂಚಿಗೆ ಮೊದಲು ತಲುಪುತ್ತವೆ, ನಿಮ್ಮ ಚಾಕು ಬೀಳುವುದೂ ಅಂಚಿನಲ್ಲೇ. ತಟ್ಟೆಯಲ್ಲಿ ಬೀಸಣಿಗೆಯಾಕಾರದ ಬಿಳಿ ಪಟ್ಟಿ ಕಂಡರೆ ಅಲ್ಲಿಂದ ತೆಗೆಯಬೇಡಿ. ಇದ್ದ ಹಸಿರು ಭಾಗದ ಬೀಜಕಣವನ್ನು ಶುದ್ಧ ನೀರಿನಲ್ಲಿ ಹತ್ತು ಲಕ್ಷ ಪಟ್ಟಿನವರೆಗೆ ತೆಳುಮಾಡಿ ರೋಸ್ ಬೆಂಗಾಲ್ ಅಗಾರ್ ಮೇಲೆ ಹರಡಿ. ಬಿಡಿಬಿಡಿಯಾಗಿ ಎದ್ದ ಹತ್ತಿಪ್ಪತ್ತನ್ನು ಒಂದೊಂದಾಗಿ ತೆಗೆದು ಸ್ಕ್ಲೆರೋಷಿಯಂ ಎದುರು ನೇರವಾಗಿ ಹೋರಾಡಿಸಿ. ಅದರ ಗುಂಡುಗಳ ಮೇಲೆ ಟ್ರೈಕೋಡರ್ಮಾ ಹತ್ತಿ, ಆ ಗುಂಡುಗಳನ್ನು ಬೇರೆ ತಟ್ಟೆಗೆ ಹಾಕಿದಾಗ ಸ್ಕ್ಲೆರೋಷಿಯಂ ಮೊಳೆಯುತ್ತದೋ ಇಲ್ಲವೋ ನೋಡಿ. ಗೆದ್ದದ್ದನ್ನು ಅಗಾರ್ ಇಳಿಜಾರು ಕೊಳವೆಯಲ್ಲಿ ಬೆಳೆಸಿ, ಮೇಲೆ ಶುದ್ಧ ಮಾಡಿದ ಲಿಕ್ವಿಡ್ ಪ್ಯಾರಾಫಿನ್ ಹೊಯ್ದು 4 ಡಿಗ್ರಿಯಲ್ಲಿಡಿ. ಪ್ರತಿ ಹಂಗಾಮಿಗೂ ಮೂಲ ಕೊಳವೆಯಿಂದಲೇ ಶುರು ಮಾಡಿ. ನಿಮ್ಮ ತಟ್ಟೆ, ಕೊಳವೆಗಳಲ್ಲಿ ಪೆನಿಸಿಲಿಯಂ ಸೇರಿಕೊಂಡಿಲ್ಲ ಎಂದೂ ಖಾತ್ರಿಯಾಗಲಿ. ಮಳೆಗಾಲದಲ್ಲಿ ನುಸಿಗಳು ತಟ್ಟೆಯಿಂದ ತಟ್ಟೆಗೆ ಬೀಜಕಣ ಹೊತ್ತು ಓಡಾಡುತ್ತವೆ. ಟ್ರೈಕೋಡರ್ಮಾ 90 ಮಿ.ಮೀ. ತಟ್ಟೆಯನ್ನು ಮೂರು ನಾಲ್ಕು ದಿನದಲ್ಲಿ ತುಂಬುತ್ತದೆ; ವಾರ ಕಳೆದರೂ ಕಾಸಿನಗಲ ಇದ್ದು ನೀಲಿ ಹಸಿರು ಹುಡಿ ಬಿದ್ದರೆ ಅದು ಬೇರೆ.

ಮಗಳಿಗೊಂದು ಮಾತು. ಸೈಕ್ಲಿಕ್ ಎಎಂಪಿ ಏರಿಸಲು ಅಗಾರ್‌ಗೆ ಕೆಫೀನ್ ಹಾಕುವ ಪ್ರಯೋಗ ಕಾಲೇಜುಗಳಲ್ಲಿ ಜನಪ್ರಿಯ, ಕಾಫಿ ನಾಡಿನಲ್ಲಿ ಸಹಜವೂ ಹೌದು. ಕೆಫೀನ್ ಆ ಅಣುವನ್ನು ಒಡೆಯುವ ಕಿಣ್ವವನ್ನು ತಡೆಯುವುದು ನಿಜ. ಆದರೆ ಯೀಸ್ಟ್‌ನಲ್ಲಿ ಅದು ಟಾರ್ ಎಂಬ ಇನ್ನೊಂದು ಕೈನೇಸನ್ನೂ ಹಿಡಿಯುತ್ತದೆ, ಕೋಶಗೋಡೆಗೂ ಒತ್ತಡ ತರುತ್ತದೆ. ಬರುವ ಬದಲಾವಣೆ ಯಾವ ದಾರಿಯದು ಎಂದು ಹೇಳಲು ಆ ಪ್ರಯೋಗವೊಂದೇ ಸಾಲದು.

ಅಡಿಕೆಯ ಕೊಳೆರೋಗಕ್ಕೂ ಮೆಣಸಿನ ಶೀಘ್ರ ಸೊರಗು ರೋಗಕ್ಕೂ ಇದೇ ತಳಿ ಆಗುತ್ತದೆಯೇ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗುವುದು ಖಂಡಿತ. ಎರಡಕ್ಕೂ ಕಾರಣ ಫೈಟಾಫ್ಥೊರಾ, ಶುಂಠಿ ಕೊಳೆಗೆ ಮುಖ್ಯವಾಗಿ ಪಿಥಿಯಂ. ಇವು ನಿಜವಾದ ಶಿಲೀಂಧ್ರಗಳಲ್ಲ. ಗೋಡೆಯಲ್ಲಿ ಇರುವುದು ಹೆಚ್ಚಾಗಿ ಗ್ಲೂಕನ್ ಮತ್ತು ಸೆಲ್ಯುಲೋಸ್, ಕೈಟಿನ್ ಅತಿ ಕಡಿಮೆ. ಕೈಟಿನೇಸ್ ಬಲದ ಮೇಲೆ ಗೆಲ್ಲುವ ತಳಿ ಇಲ್ಲಿ ಅಷ್ಟಾಗಿ ಗೆಲ್ಲದು. ಟ್ರೈಕೋಡರ್ಮಾ ವಿರೆನ್ಸ್‌ನಲ್ಲೇ ಎರಡು ಬಗೆ: ಗ್ಲಿಯೋಟಾಕ್ಸಿನ್ ಮಾಡುವವು ರೈಜೋಕ್ಟೋನಿಯಾಗೆ ಗಟ್ಟಿ, ಗ್ಲಿಯೋವಿರಿನ್ ಮಾಡುವವು ಪಿಥಿಯಂಗೆ ಗಟ್ಟಿ. ಶುಂಠಿಗಾಗಿ ಬೇಕಾದರೆ ಶುಂಠಿ ಹೊಲದ ಪಿಥಿಯಂ ಮೇಲೆಯೇ ಬೇರೆ ಆಯ್ಕೆ ಮಾಡಿ.

ಸೋಸಿದ ದ್ರಾವಣವನ್ನು ತೋಟಕ್ಕೆ ಸಿಂಪಡಿಸುವ ಯೋಚನೆ ಬಿಡಿ. ಗ್ಲಿಯೋಟಾಕ್ಸಿನ್ ಮನುಷ್ಯರ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುವಂಥ ವಿಷ, ಸೋಸುವಾಗ ಕೈಗವಸು ಇರಲಿ. ಒಣ ಬೀಜಕಣ ಜರಡಿ ಹಿಡಿಯುವಾಗ ಮಾಸ್ಕ್. ತೋಟಕ್ಕೆ ಹೋಗಬೇಕಾದ್ದು ಜೀವಂತ ಬೀಜಕಣ. ಎರಡು ಮೂರು ದಿನದ ದ್ರಾವಣವನ್ನು ಬೇಯಿಸಿ ಶುದ್ಧಗೊಳಿಸಿದ ಜೋಳದ ಕಾಳಿಗೆ ಬೆರೆಸಿ, ತೆಳುವಾಗಿ ಹರಡಿ ಬೆಳಕಿನಲ್ಲಿ ಹಸಿರು ಮಾಡಿ, ನೆರಳಲ್ಲಿ ಒಣಗಿಸಿ. ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಘಟಕಗಳಿರಬೇಕು ಎಂಬುದು ಮಾರಾಟದ ಪುಡಿಗೆ ಇರುವ ಮಾನದಂಡ. ನೀವು ಸ್ವಂತಕ್ಕೆ ಮಾಡಿದರೂ ಅದಕ್ಕಿಂತ ಕಡಿಮೆಯದನ್ನು ಹಾಕಬೇಡಿ. 100 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕೆ.ಜಿ. ಬೆರೆಸಿ, ಹಿಡಿದರೆ ಉಂಡೆಯಾಗುವಷ್ಟು ತೇವ ಇಟ್ಟು, ನೆರಳಲ್ಲಿ ಗೋಣಿ ಮುಚ್ಚಿ, ನಡುವೆ ಒಂದೆರಡು ಸಲ ಮಗುಚಿ, ಎರಡು ವಾರದ ಹೊತ್ತಿಗೆ ಬುಡಕ್ಕೆ ಕೊಡಿ. ಶೇ. 1ರ ಬೋರ್ಡೊ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮಿಶ್ರಣ) ಬುಡಕ್ಕೆ ಹೊಯ್ದ ಆಸುಪಾಸಿನ ದಿನಗಳಲ್ಲಿ ಮಾತ್ರ ಇದನ್ನು ಹಾಕಬೇಡಿ, ತಾಮ್ರ ಇದನ್ನೂ ಹಿಡಿಯುತ್ತದೆ.